ಅರ್ಧಕ್ಕೆ ಬಿಟ್ಟ ಡೋಸ್ ಲೆಕ್ಕಕ್ಕೆ ವಾಪಸ್ ಬರುವಾಗ

ಬೆಂಗಳೂರಿನ ಐಸಿಯುನಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಔಷಧ ಕಲಸುತ್ತಿರುವಾಗಲೇ ಲ್ಯಾಬ್‌ನಿಂದ ಫೋನ್, ಪಕ್ಕದ ಬೆಡ್‌ನ ಅಲಾರಂ, ಬಾಗಿಲಲ್ಲಿ "ಸಿಸ್ಟರ್, ನಮ್ಮಪ್ಪಂಗೆ ಹೇಗಿದೆ?" ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧ ಕೊಡುವಾಗಿನ ಪ್ರತಿ ಅಡಚಣೆಗೂ ತಪ್ಪುಗಳು ಸುಮಾರು ಶೇ. 12ರಷ್ಟು ಹೆಚ್ಚುತ್ತಾ ಹೋಗಿದ್ದವು. ಡೋಸ್ ಲೆಕ್ಕ ಹಾಕುವ ಸಾಫ್ಟ್‌ವೇರ್ ಗುಣಾಕಾರ, ಭಾಗಾಕಾರದ ತಪ್ಪನ್ನು ತಡೆಯುತ್ತದೆ. ಆದರೆ ಫೋನ್ ಮುಗಿಸಿ ಬಂದಾಗ ಪರದೆಯ ಮೇಲೆ ಉತ್ತರ ಸಿದ್ಧವಾಗಿರುತ್ತದೆ. ಅದು ಯಾರದು, ಯಾವಾಗಿನದು ಎಂದು ಕೇಳಿಕೊಳ್ಳಲು ಮನಸ್ಸು ಹೋಗುವುದಿಲ್ಲ.

ಬಿದ್ದ ಬಿಪಿಯನ್ನು ಏರಿಸುವ ನಾರ್‌ಅಡ್ರಿನಲಿನ್ ಔಷಧವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. 4 ಮಿ.ಗ್ರಾಂ ಔಷಧ ಒಟ್ಟು 50 ಮಿ.ಲೀ.ಯಲ್ಲಿದ್ದರೆ ಮಿ.ಲೀ.ಗೆ 80 ಮೈಕ್ರೊಗ್ರಾಂ. 60 ಕೆ.ಜಿ. ತೂಕದವರಿಗೆ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 0.1 ಮೈಕ್ರೊಗ್ರಾಂ ಬೇಕಾದರೆ ಸಿರಿಂಜ್‌ನಿಂದ ಔಷಧ ಹರಿಸುವ ಪಂಪ್‌ನ ರೇಟ್ ಗಂಟೆಗೆ 4.5 ಮಿ.ಲೀ. ನಾವು ಫೋನಿಗೆ ಹೋದಾಗ ಅದೇ ಟ್ರಾಲಿ ಕಂಪ್ಯೂಟರಿನಲ್ಲಿ ಇನ್ನೊಬ್ಬರು 82 ಕೆ.ಜಿ.ಯ ರೋಗಿಗೆ ಲೆಕ್ಕ ಹಾಕಿ ಹೋಗಿದ್ದರೆ ಪರದೆಯಲ್ಲಿ 6.15 ಇರುತ್ತದೆ. 45 ಎಂದಿದ್ದರೆ ಯಾರಾದರೂ ತಡೆದು ನೋಡುತ್ತಾರೆ. 6.15 ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ, ಹೋಗುವುದು ಮಾತ್ರ ಬೇಕಾದ್ದಕ್ಕಿಂತ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಹೆಚ್ಚು ಔಷಧ.

ಹಾಗಾಗಿ ವಾಪಸ್ ಬಂದಾಗ ನಾನು ಮೊದಲು ಉತ್ತರ ನೋಡುವುದಿಲ್ಲ. ಕೈಪಟ್ಟಿಯ ಹೆಸರು, ಎಂ.ಆರ್. (ಆಸ್ಪತ್ರೆ ದಾಖಲೆಯ) ನಂಬರ್ ಪರದೆಗೆ ತಾಳೆಯಾಗಬೇಕು. ಆಮೇಲೆ ತೂಕ, ಸಿರಿಂಜ್ ಲೇಬಲ್‌ನ ಸಾಂದ್ರತೆ, ಡಾಕ್ಟರ್ ಬರೆದ ಡೋಸ್. ಇಷ್ಟನ್ನೂ ಹೊಸದಾಗಿ ತುಂಬಿಸಿಯೇ ರೇಟ್ ತೆಗೆಯುವುದು. ಅರ್ಧ ನಿಮಿಷದ ಕೆಲಸ.

ಏಳುವ ಮುಂಚಿನ ನಾಲ್ಕೈದು ಸೆಕೆಂಡ್ ಇನ್ನೂ ಮುಖ್ಯ. ಫೋನ್ ಎತ್ತುವ ಮೊದಲು ಚೀಟಿಯಲ್ಲಿ ಬೆಡ್ ನಂಬರ್, ಔಷಧ, ಮುಂದಿನ ಹೆಜ್ಜೆ: "ಬೆಡ್ 6, ನಾರ್‌ಅಡ್ರಿ, ರೇಟ್ ಹಾಕಬೇಕು." ಮಾಡಿದ್ದನ್ನಲ್ಲ, ಮಾಡಬೇಕಾದ್ದನ್ನು ಬರೆಯಬೇಕು, ಮರೆಯುವುದು ಅದೇ. ಲೇಬಲ್ ಇಲ್ಲದೆ ಬಿಟ್ಟುಹೋದ ಸಿರಿಂಜ್ ಎಸೆಯುವುದೇ ಸರಿ. ಓಡುತ್ತಿರುವ ನಾರ್‌ಅಡ್ರಿನಲಿನ್ ಸಿರಿಂಜ್ ಬದಲಿಸುವಾಗಂತೂ ಫೋನ್ ಬೇರೆಯವರೇ ಎತ್ತಬೇಕು. ಆ ಔಷಧ ದೇಹದಲ್ಲಿ ಉಳಿಯುವುದು ಕೆಲವೇ ನಿಮಿಷ, ಹರಿವು ನಿಂತರೆ ಬಿಪಿ ಕೂಡಲೇ ಬೀಳುತ್ತದೆ.

ಸಾಫ್ಟ್‌ವೇರ್ ಕೊಡುವ ಸಲಹೆಯೂ ಹಳತಾಗುತ್ತದೆ. ಬೆಳಗಿನ ರಕ್ತದ ಪೊಟ್ಯಾಶಿಯಂ 2.9, ಅಂದರೆ ಕಡಿಮೆ ಇರುವುದು ನೋಡಿ ಅದು 20 ಮಿಲಿಈಕ್ವಿವಲೆಂಟ್ ಪೊಟ್ಯಾಶಿಯಂ ಕೊಡಲು ಸೂಚಿಸಿರುತ್ತದೆ. ಈಗ ಬಂದ ಲ್ಯಾಬ್ ಫೋನ್ ಅದೇ ರೋಗಿಗೆ 5.6, ಅಂದರೆ ಹೆಚ್ಚೇ ಇದೆ ಅನ್ನುತ್ತಿರಬಹುದು. ಹೊಸ ರಿಪೋರ್ಟ್ ಸಿಸ್ಟಂಗೆ ಏರುವವರೆಗೂ ಹಳೆ ಸಲಹೆ ಅಲ್ಲೇ ಇರುತ್ತದೆ. ಆದ್ದರಿಂದ ಸಲಹೆಯ ಪಕ್ಕದಲ್ಲಿ ಸ್ಯಾಂಪಲ್ ತೆಗೆದ ಸಮಯ ಹುಡುಕಿ. ಫೋನಿನಲ್ಲಿ ಕೇಳಿದ ಸಂಖ್ಯೆಯನ್ನು ಅವರಿಗೇ ತಿರುಗಿ ಓದಿ ಹೇಳಿ, ಡಾಕ್ಟರಿಗೆ ತಿಳಿಸಿ, ಅಲ್ಲಿಯವರೆಗೆ ಪೊಟ್ಯಾಶಿಯಂ ಶುರು ಮಾಡಬೇಡಿ.

ಎಚ್ಚರಿಕೆಯ ಕಿಟಕಿ ತೆರೆದಿರುವಾಗ ಯಾರಾದರೂ ಕರೆದರೆ ಓಕೆ ಒತ್ತಿ ಏಳುವುದು ಎಲ್ಲರ ಕೈಗೂ ರೂಢಿ. ಹಾಗೆ ಒತ್ತಿದರೆ ಎಚ್ಚರಿಕೆ ಮತ್ತೆ ಬಾರದೆ ಹೋಗಬಹುದು, ಓದಿದ್ದಾಗಿದೆ ಎಂದು ದಾಖಲೂ ಆಗಬಹುದು. ಅದನ್ನು ತೆರೆದೇ ಇಟ್ಟು ಪರದೆ ಲಾಕ್ ಮಾಡಿ ಹೋಗಿ. ಐಟಿಯವರಿಂದ ಎರಡೇ ಬದಲಾವಣೆ ಕೇಳಿ: ರೋಗಿ ಬದಲಾದರೆ ತೂಕದ ಜಾಗ ತಾನೇ ಖಾಲಿಯಾಗಬೇಕು, ರೇಟ್ ಪಕ್ಕದಲ್ಲೇ ಹೆಸರು, ತೂಕ, ಲೆಕ್ಕ ಹಾಕಿದ ಸಮಯ ಕಾಣಬೇಕು.