ಸೋರುತ್ತಿರುವುದು ಎಲ್ಲಿಂದ ಅಂತ ಮೊದಲು ನೋಡಬೇಕು

ರಕ್ತದಲ್ಲಿ ಪ್ರೋಟೀನ್ ಕಮ್ಮಿ ಅಂದ ಕೂಡಲೇ ಜನ ಕೇಳುವುದು ಒಂದೇ ಮಾತು: "ಏನ್ ತಿನ್ನಿಸ್ಬೇಕು ಡಾಕ್ಟ್ರೇ?" ಮಂಡ್ಯ ಸುತ್ತಮುತ್ತ ಪಶುವೈದ್ಯನಾಗಿ ಕುರಿ, ಹಸು, ನಾಯಿ ಎಲ್ಲವನ್ನೂ ನೋಡುತ್ತೇನೆ. ಈ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಮೊದಲು ಸೋರಿಕೆ ಹುಡುಕುತ್ತೇನೆ.

ಕಾರಣ ಇದೆ. ರಕ್ತದ ಮುಖ್ಯ ಪ್ರೋಟೀನ್ ಆಲ್ಬುಮಿನ್. ಅದನ್ನು ತಯಾರಿಸುವುದು ಲಿವರ್. ಮನುಷ್ಯರಲ್ಲಿ ಇರುವ ಆಲ್ಬುಮಿನ್ ಅರ್ಧದಷ್ಟು ಕರಗಲು ಸುಮಾರು 20 ದಿನ ಬೇಕು, ನಾಯಿಯಲ್ಲಿ ಸುಮಾರು 8 ದಿನ. ಹಾಗಾಗಿ ಎರಡು ಮೂರು ದಿನ ಊಟ ಬಿಟ್ಟ ಮಾತ್ರಕ್ಕೆ ಅದು ಧಡಾರನೆ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಹೊಟ್ಟೆಗಿಲ್ಲದೆ ಸೊರಗಿದವರ ಮಾತು ಬೇರೆ. ಬೇಗ ಇಳಿದಿದೆ ಅಂದರೆ ಕರುಳಿನಿಂದಲೋ, ಮೂತ್ರದಿಂದಲೋ, ರಕ್ತದ ಜೊತೆಗೋ ಹೊರಗೆ ಹೋಗುತ್ತಿದೆ. ಇಲ್ಲವೇ ಲಿವರ್ ಕೈ ಚೆಲ್ಲಿದೆ. ದೊಡ್ಡ ಸೋಂಕು ಬಂದಾಗ ಲಿವರ್ ತಾನಾಗಿಯೇ ಆಲ್ಬುಮಿನ್ ತಯಾರಿಕೆ ತಗ್ಗಿಸುತ್ತದೆ, ಅದನ್ನೂ ನೆನಪಿಡಬೇಕು.

ಕುರಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಮಳವಳ್ಳಿ ಕಡೆ ಬಂಡೂರು ಕುರಿ ಸಾಕಿದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕೆಲವು ಕುರಿಗಳ ದವಡೆ ಕೆಳಗೆ ನೀರಿನ ಚೀಲ ತೂಗುತ್ತದೆ. ಒತ್ತಿದರೆ ಮೆತ್ತಗೆ, ನೋವಿಲ್ಲ. ದಿನವಿಡೀ ತಲೆ ತಗ್ಗಿಸಿ ಮೇಯ್ದು ಸಂಜೆ ಬಂದಾಗ ಜಾಸ್ತಿ, ಬೆಳಿಗ್ಗೆ ಕಮ್ಮಿ. ಆಲ್ಬುಮಿನ್ ಇಲ್ಲದ ರಕ್ತಕ್ಕೆ ನೀರನ್ನು ನಾಳದೊಳಗೆ ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಆ ನೀರು ಹೊರಗೆ ಜಿನುಗಿ, ಮೈಯಲ್ಲಿ ತಗ್ಗಾದ ಜಾಗಕ್ಕೆ ಇಳಿಯುತ್ತದೆ.

"ಹಿಂಡಿ, ಬೂಸ ಎಲ್ಲ ಆಕ್ತೀನಿ ಸಾ, ಆದ್ರೂ ಹಿಂಗಾಯ್ತದೆ" ಅಂತ ಯಜಮಾನರು ಬೇಜಾರು ಮಾಡಿಕೊಳ್ಳುತ್ತಾರೆ. ಅವರ ಮಾತು ನಿಜ. ಮೇವಿನಲ್ಲಿ ಕೊರತೆ ಇಲ್ಲ. ತೂತು ಬಿದ್ದ ಬಿಂದಿಗೆಗೆ ನೀರು ಹೊಯ್ದ ಹಾಗೆ ಆಗುತ್ತಿದೆ, ಅಷ್ಟೇ. ನಾಲ್ಕನೇ ಹೊಟ್ಟೆಯಲ್ಲಿ ಕೂತ ಹಿಮಾಂಕಸ್ ಅನ್ನುವ ದಾರದಂಥ ಹುಳು ಒಂದೊಂದೂ ದಿನಕ್ಕೆ 0.05 ಮಿ.ಲೀ. ರಕ್ತ ಹೀರುತ್ತದೆ. 5,000 ಹುಳು ಇದ್ದರೆ ದಿನಕ್ಕೆ 250 ಮಿ.ಲೀ. ಆಯಿತು. 30 ಕೆ.ಜಿ. ಕುರಿಯ ಮೈಯಲ್ಲಿರುವ ರಕ್ತವೇ ಎರಡು ಲೀಟರಿನಷ್ಟು!

ನಾನು ಮೊದಲು ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡುತ್ತೇನೆ. ದಕ್ಷಿಣ ಆಫ್ರಿಕಾದವರು ಇದಕ್ಕಾಗಿಯೇ ಫಮಾಚಾ ಅನ್ನುವ ಐದು ಬಣ್ಣಗಳ ಕಾರ್ಡ್ ಮಾಡಿದ್ದಾರೆ. ಕೆಂಪಗಿದ್ದರೆ ಸರಿ, ಬಿಳಿಚಿದ್ದರೆ ರಕ್ತ ಹೋಗಿದೆ. ಆಮೇಲೆ ಹಿಕ್ಕೆ ಪರೀಕ್ಷೆ. ಹಿಮಾಂಕಸ್ ಮೊಟ್ಟೆ ಗಟ್ಟಿ ಉಪ್ಪುನೀರಿನಲ್ಲಿ ತೇಲುತ್ತದೆ. ಲಿವರ್ ಹುಳುವಿನ ಮೊಟ್ಟೆ ಭಾರ, ಅದನ್ನು ತಳಕ್ಕೆ ಕೂರಿಸಿ ಹುಡುಕಬೇಕು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ, ಗದ್ದೆ ಬದುವಿನಲ್ಲಿ ಮೇಯುವ ದನ ಕುರಿಗೆ ಎರಡೂ ಪರೀಕ್ಷೆ ಮಾಡಲೇಬೇಕು, ಯಾಕೆಂದರೆ ಲಿವರ್ ಹುಳುವಿನ ಮರಿ ಮೊದಲು ಬೆಳೆಯುವುದೇ ನೀರಿನ ಬಸವನಹುಳುವಿನೊಳಗೆ. ಮರಿ ಹುಳು ಲಿವರನ್ನು ಕೊರೆಯುವ ಕಾಲಕ್ಕೆ ಸಗಣಿಯಲ್ಲಿ ಮೊಟ್ಟೆಯೇ ಸಿಗುವುದಿಲ್ಲ. ಆಗ ಮೇದ ಜಾಗ ಯಾವುದು ಅಂತ ಕೇಳುವುದೇ ದೊಡ್ಡ ಪರೀಕ್ಷೆ. ಎಲ್ಲ ಹುಳುವಿಗೂ ಒಂದೇ ಔಷಧಿ ಆಗುವುದಿಲ್ಲ. ಅಂಗಡಿಯಲ್ಲಿ ಸಿಕ್ಕಿದ್ದನ್ನು ಸುಮ್ನೆ ಕುಡಿಸಿದರೆ ಹುಳುವೂ ಉಳಿಯುತ್ತದೆ, ಔಷಧಿಗೆ ಬಗ್ಗದ ತಳಿಯೂ ಬೆಳೆಯುತ್ತದೆ.

ಪ್ರೋಟೀನ್ ಕೊರತೆಯ ಜೊತೆ ವಾಂತಿಯೂ ಬರುವುದುಂಟು. ಆದರೆ ದನ, ಕುರಿ ಮಾಮೂಲಿಯಾಗಿ ವಾಂತಿ ಮಾಡುವುದಿಲ್ಲ. ಮಾಡಿದರೆ ಏನೋ ವಿಷ ತಿಂದಿರಬಹುದು ಅಂತ ನಾನು ಎದ್ದು ಓಡುತ್ತೇನೆ. ವಾಂತಿಯ ಕಥೆ ಏನಿದ್ದರೂ ನಾಯಿಯದು, ಮನುಷ್ಯರದು.

ನಾಯಿಮರಿಗೆ ಪಾರ್ವೊ ಅನ್ನುವ ವೈರಸ್ ರೋಗ ಬಂದಾಗ ವಾಂತಿ ನಿಲ್ಲುವುದಿಲ್ಲ, ಭೇದಿಯಲ್ಲಿ ರಕ್ತ ಹೋಗುತ್ತದೆ. ಕರುಳಿನ ಒಳಪೊರೆಯೇ ಕಿತ್ತು ಹೋಗಿರುತ್ತದೆ, ಪ್ರೋಟೀನ್ ಅಲ್ಲಿಂದ ಹರಿದು ಹೋಗುತ್ತದೆ. ಆದರೆ ಮೊದಲ ದಿನದ ರಿಪೋರ್ಟಿನಲ್ಲಿ ಪ್ರೋಟೀನ್ ಸರಿಯಾಗಿಯೇ ಇದೆ ಅಂತ ಬರಬಹುದು! ವಾಂತಿ, ಭೇದಿಯಲ್ಲಿ ನೀರು ಖಾಲಿಯಾಗಿ ರಕ್ತ ಗಟ್ಟಿಯಾಗಿರುತ್ತದೆ. ಇರುವ ಸ್ವಲ್ಪ ಪ್ರೋಟೀನ್ ಜಾಸ್ತಿ ಅನ್ನುವಂತೆ ಕಾಣುತ್ತದೆ. ಡ್ರಿಪ್ ಹಾಕಿ ನೀರಿನಂಶ ಸರಿಯಾದ ಮೇಲೆ ನಿಜವಾದ ಲೆಕ್ಕ ಹೊರಗೆ ಬರುತ್ತದೆ. ಅದಕ್ಕೇ ಡ್ರಿಪ್ ಆದ ಮಾರನೇ ದಿನ ಮತ್ತೆ ರಕ್ತ ನೋಡುತ್ತೇನೆ. ದುಡ್ಡಿಗೆ ಕಷ್ಟ ಇರುವವರಿಗೂ ಈ ಎರಡನೇ ಪರೀಕ್ಷೆ ಬಿಡಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ನಾಯಿಯಲ್ಲಿ ಆಲ್ಬುಮಿನ್ 100 ಮಿ.ಲೀ.ಗೆ 1.5 ಗ್ರಾಂಗಿಂತ ಕೆಳಗೆ ಹೋದರೆ ಕಾಲು ಊದಬಹುದು, ಹೊಟ್ಟೆಯಲ್ಲಿ ನೀರು ತುಂಬಬಹುದು. ಆಗ ಡ್ರಿಪ್ಪನ್ನು ಮೊದಲಿನ ವೇಗದಲ್ಲೇ ಬಿಟ್ಟರೆ ಊತ ಇನ್ನೂ ಏರುತ್ತದೆ. ಕರುಳಿನ ಗೋಡೆಯೂ ಊದುತ್ತದೆ. ಊದಿದ ಕರುಳು ಸರಿಯಾಗಿ ಚಲಿಸುವುದಿಲ್ಲ, ಅದರಿಂದ ಮತ್ತೆ ವಾಂತಿ. ವಾಂತಿ ಮತ್ತು ಪ್ರೋಟೀನ್ ಕೊರತೆ ಹೀಗೆ ಒಂದನ್ನೊಂದು ಬೆಳೆಸುತ್ತವೆ.

ಮೆಡಿಕಲ್ ಸ್ಟೋರಿನಿಂದ ಮನುಷ್ಯರ ಆಲ್ಬುಮಿನ್ ಬಾಟಲಿ ತಂದು "ಇದನ್ನೇ ಹಾಕಿ" ಅನ್ನುವವರಿದ್ದಾರೆ. ಪ್ರೀತಿಯಿಂದ ತರುತ್ತಾರೆ, ಬೆಲೆಯೂ ಜಾಸ್ತಿ. ಆದರೆ ಅದು ನಾಯಿಯ ಮೈಗೆ ಪರಕೀಯ ಪ್ರೋಟೀನ್. ಜೀವಕ್ಕೇ ಕುತ್ತು ತರುವ ಅಲರ್ಜಿ ಆಗಬಹುದು, ಕೆಲವು ಸಲ ವಾರ ಕಳೆದ ಮೇಲೂ. ನಾನು ನಂಬುವುದು ಬೇರೆ ದಾರಿ. ವಾಂತಿ ತಡೆಯುವ ಇಂಜೆಕ್ಷನ್ ಕೊಟ್ಟು, ಹೊಟ್ಟೆ ಸ್ವಲ್ಪ ತಡೆದುಕೊಂಡ ಕೂಡಲೇ ಚಮಚದ ಲೆಕ್ಕದಲ್ಲಿ ಉಣಿಸುವುದು. ತೆಳ್ಳಗಿನ ಅನ್ನದ ಗಂಜಿ, ಮಸಾಲೆ ಇಲ್ಲದೆ ಬೇಯಿಸಿ ಅರೆದ ಕೋಳಿ ಮಾಂಸ, ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಕರುಳಿನ ಒಳಪೊರೆ ಮತ್ತೆ ಬೆಳೆಯಲು ಅದರೊಳಗೇ ಆಹಾರ ಹೋಗಬೇಕು. ದಿನಗಟ್ಟಲೆ ಉಪವಾಸ ಕೆಡವಿದ ಮರಿಗಿಂತ ಹೀಗೆ ಬೇಗ ಉಣಿಸಿದ ಮರಿ ಬೇಗ ಎದ್ದು ನಿಲ್ಲುತ್ತದೆ.

ವಯಸ್ಸಾದ ನಾಯಿ ತಿಂಗಳುಗಟ್ಟಲೆ ಆಗಾಗ ವಾಂತಿ ಮಾಡುತ್ತಾ ಸೊರಗುತ್ತಿದ್ದರೆ ರಿಪೋರ್ಟಿನಲ್ಲಿ ಒಂದು ಕಳೆಯುವ ಲೆಕ್ಕ ಮಾಡುತ್ತೇನೆ. ಒಟ್ಟು ಪ್ರೋಟೀನಿನಲ್ಲಿ ಆಲ್ಬುಮಿನ್ ಕಳೆದರೆ ಉಳಿಯುವುದು ಗ್ಲಾಬ್ಯುಲಿನ್ ಅನ್ನುವ ಇನ್ನೊಂದು ಗುಂಪಿನ ಪ್ರೋಟೀನ್. ಎರಡೂ ಇಳಿದಿದ್ದರೆ ಕರುಳು ಅಥವಾ ರಕ್ತಸ್ರಾವದ ಕಡೆ ನೋಡುತ್ತೇನೆ. ಆಲ್ಬುಮಿನ್ ಮಾತ್ರ ಇಳಿದು ಕೊಲೆಸ್ಟ್ರಾಲ್ ಏರಿದ್ದರೆ ಕಿಡ್ನಿ. ಆಲ್ಬುಮಿನ್ ಇಳಿದು ಗ್ಲಾಬ್ಯುಲಿನ್ ಏರಿದ್ದರೆ ಮೈಗೆ ಕಚ್ಚಿಕೊಳ್ಳುವ ಉಣ್ಣಿಯಿಂದ ಬರುವ ಜ್ವರ ಇದೆಯಾ ಅಂತ ಹುಡುಕುತ್ತೇನೆ. ಇಷ್ಟರಿಂದಲೇ ರೋಗ ಇಂಥದ್ದೇ ಅಂತ ಹೇಳಲು ಆಗುವುದಿಲ್ಲ, ಎಲ್ಲಿ ಅಗೆಯಬೇಕು ಅಂತ ಮಾತ್ರ ಗೊತ್ತಾಗುತ್ತದೆ. ಆಮೇಲೆ ಊಟದ ಮಾತು. ಕಿಡ್ನಿ ಸೋರುತ್ತಿದ್ದರೆ ಮೊಟ್ಟೆ ಮೇಲೆ ಮೊಟ್ಟೆ ತಿನ್ನಿಸುವುದರಿಂದ ಸೋರಿಕೆಯೇ ಹೆಚ್ಚಬಹುದು. ಕರುಳು ಸೋರುತ್ತಿದ್ದರೆ ಕೊಬ್ಬು ಕಮ್ಮಿ ಇರಬೇಕು, ಹಳದಿ ತೆಗೆದು ಬಿಳಿ ಭಾಗ ಮಾತ್ರ.

ನಮ್ಮ ಬೀದಿಯ ಒಂದು ಮಗು ವಿಷಯ ಇಲ್ಲಿ ಹೇಳಬೇಕು. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಳ್ಳುತ್ತಿತ್ತು, ಹೊಟ್ಟೆ ನೋವು, ವಾಂತಿ. ಅದರ ಅಜ್ಜಿ "ದೃಷ್ಟಿ ತಗುಲಿದೆ ಕಣಪ್ಪ" ಅಂದರು. "ಅಜ್ಜಿ, ಉಚ್ಚೆಯಲ್ಲಿ ನೊರೆ ನಿಲ್ತದಾ?" ಅಂತ ಕೇಳಿದೆ. ಹೌದು ಅಂದರು. ಕುರಿಗೆ ಸಂಜೆ ದವಡೆ ಊದುವುದಕ್ಕೂ ಮಲಗಿ ಎದ್ದ ಮಗುವಿಗೆ ಬೆಳಿಗ್ಗೆ ರೆಪ್ಪೆ ಊದುವುದಕ್ಕೂ ಕಾರಣ ಒಂದೇ ಇರಬಹುದು ಅಂತ ನನಗೆ ಅನ್ನಿಸಿತು. ಮನುಷ್ಯರಿಗೆ ಔಷಧಿ ಕೊಡುವುದು ನನ್ನ ಕೆಲಸ ಅಲ್ಲ. ಅವತ್ತೇ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಕಳಿಸಿದೆ. ಮಕ್ಕಳ ಡಾಕ್ಟರು ಮೂತ್ರ ನೋಡಿ ನೆಫ್ರೋಟಿಕ್ ಸಿಂಡ್ರೋಮ್, ಅಂದರೆ ಕಿಡ್ನಿಯಿಂದ ಪ್ರೋಟೀನ್ ಸೋರುವ ರೋಗ ಅಂದರು. ಚಿಕ್ಕ ಮಕ್ಕಳಲ್ಲಿ ಇದು ಹೆಚ್ಚಿನ ಪಾಲು ಸ್ಟೀರಾಯ್ಡ್ ಮಾತ್ರೆಗೆ ಬಗ್ಗುತ್ತದೆ, ಮರುಕಳಿಸುವುದೂ ಉಂಟು. ಈ ಮಗು ಚೇತರಿಸಿಕೊಂಡಿತು. ಅಜ್ಜಿ ಈಗ ಸ್ಟ್ರಿಪ್ ಅದ್ದಿ ಮೂತ್ರ ನೋಡುವುದನ್ನು ಕಲಿತಿದ್ದಾರೆ.

ಗದ್ದೆ, ಕಬ್ಬಿನ ತೋಟದಲ್ಲಿ ದುಡಿಯುವವರು ಇನ್ನೊಂದು ರೋಗ ತಿಳಿದಿರಬೇಕು. ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿ ಜ್ವರ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಜ್ವರ, ವಾಂತಿ, ಮೀನಖಂಡ ನೋವು, ಕೆಲವರಿಗೆ ಕಣ್ಣು ಹಳದಿ. ಲಿವರ್ ಮತ್ತು ಕಿಡ್ನಿ ಎರಡಕ್ಕೂ ಒಟ್ಟಿಗೆ ಪೆಟ್ಟು ಬಿದ್ದು ಆಲ್ಬುಮಿನ್ ಇಳಿಯಬಹುದು. ನಾಯಿಗೆ ಲಸಿಕೆ ಇದೆ, ವರ್ಷ ವರ್ಷ ಹಾಕಿಸಿ. ಅಂಥ ನಾಯಿಯ ಮೂತ್ರವನ್ನು ಬರಿಗೈಯಲ್ಲಿ ತೊಳೆಯಬೇಡಿ. ಮನೆಯವರಿಗೆ ಜ್ವರ ಬಂದರೆ ಡಾಕ್ಟರ ಹತ್ತಿರ "ನಮ್ಮ ನಾಯಿಗೂ ಹುಷಾರಿಲ್ಲ" ಅಂತ ಹೇಳಿ. ಪ್ರಾಣಿಯನ್ನು ಕರೆದುಕೊಂಡು ನಮ್ಮ ಹತ್ತಿರ ಬರುವಾಗ ಅದರ ಬೆಳಗಿನ ಮೂತ್ರ ಒಂದು ಶುಚಿಯಾದ ಬಾಟಲಿಯಲ್ಲಿ, ಸಗಣಿ ಅಥವಾ ಹಿಕ್ಕೆ ಇನ್ನೊಂದರಲ್ಲಿ, ಹಳೆಯ ರಿಪೋರ್ಟ್ ಇದ್ದರೆ ಅದೂ ತನ್ನಿ.