ಎರಡು ಚಮಚ, ಒಂದು ಪೆನ್ನು: ಬೆನ್ನುಹುರಿ ಅಟ್ಯಾಕನ್ನ ನಾನೇ ಹಿಡಿದದ್ದು

ನಂದು ಎನ್‌ಎಂಒ ಕಾಯಿಲೆ, ಮೈಯ ರೋಗನಿರೋಧಕ ಶಕ್ತಿಯೇ ಕಣ್ಣಿನ ನರ, ಬೆನ್ನುಹುರಿ ಮೇಲೆ ಅಟ್ಯಾಕ್ ಮಾಡೋದು. ಇದರ ರಕ್ತದ ಆ್ಯಂಟಿಬಾಡಿ, ಆಕ್ವಾಪೊರಿನ್-4, ಪಾಸಿಟಿವ್ ಇರೋ ಎಷ್ಟೋ ಜನಕ್ಕೆ ಕತೆ ಗೊತ್ತೇ ಇರುತ್ತೆ, ಮೊದಲು ಕಣ್ಣು, ಆಮೇಲೆ ಬೆನ್ನುಹುರಿ. ನಂಗೂ ಆಪ್ಟಿಕ್ ನ್ಯೂರೈಟಿಸ್ (ಕಣ್ಣಿನ ನರದ ಉರಿಯೂತ) ಆಗಿ ಸ್ಟಿರಾಯ್ಡ್‌ಗೆ ದೃಷ್ಟಿ ಮುಕ್ಕಾಲು ಪಾಲು ವಾಪಸ್ ಬಂತು, ಕಣ್ಣಿನ ಡಾಕ್ಟ್ರು ಮುಗೀತು ಹೋಗಿ ಅಂದ್ರು, ಆ ಆ್ಯಂಟಿಬಾಡಿ ಟೆಸ್ಟ್ ಯಾರೂ ಬರೀಲಿಲ್ಲ. ಏಳೆಂಟು ತಿಂಗಳಿಗೆ ಎದೆ ಸುತ್ತ ಬೆಲ್ಟ್ ಬಿಗಿದ ಹಾಗಾಯ್ತು, ಎರಡು ದಿನಕ್ಕೆ ಕಾಲು ಹೋಯ್ತು, ಮೂತ್ರ ಕಟ್ತು. ಎಂಆರ್‌ಐನಲ್ಲಿ ಬೆನ್ನುಹುರಿ ಆರೇಳು ಕಶೇರುಗಳಷ್ಟು (ಬೆನ್ನುಮೂಳೆಯ ಮಣಿಗಳಷ್ಟು) ಉದ್ದಕ್ಕೂ ಬೆಳ್ಳಗೆ. ಪಲ್ಸ್ ಸ್ಟಿರಾಯ್ಡ್ (ರಕ್ತನಾಳಕ್ಕೆ ದೊಡ್ಡ ಡೋಸ್) ಐದು ದಿನ ಹೋದ್ರೂ ಕಾಲು ಅಲ್ಲಾಡಲಿಲ್ಲ, ಪ್ಲಾಸ್ಮಾ ಎಕ್ಸ್‌ಚೇಂಜ್ (ರಕ್ತದ ಪ್ಲಾಸ್ಮಾ ತೆಗೆದು ಬದಲಾಯಿಸೋದು) ಶುರುವಾಗೋ ಹೊತ್ತಿಗೆ ಹತ್ತಿರ ಹತ್ತಿರ ಮೂರು ವಾರ ಆಗಿತ್ತು. ಕೋಲು ಹಿಡಿದು ನಡೆಯೋಕೆ ಐದು ತಿಂಗಳು ಬೇಕಾಯ್ತು.

ದುಡ್ಡು ಹೋಗಿದ್ದು ಅಲ್ಲಲ್ಲ, ಅದಾದ ಮೇಲೆ. ಕಾಲು ಸ್ವಲ್ಪ ಭಾರ ಆದ್ರೆ ಸಾಕು ಎಮರ್ಜೆನ್ಸಿ, ಎಂಆರ್‌ಐ, ಅಡ್ಮಿಷನ್. ಒಂದೂವರೆ ವರ್ಷದಲ್ಲಿ ಆರು ಸಲ ಓಡಿದೀನಿ, ಆರಕ್ಕೆ ಆರೂ ಸುಳ್ಳು ರಿಲ್ಯಾಪ್ಸ್, ಅಂದ್ರೆ ಹೊಸ ಅಟ್ಯಾಕ್ ಅಲ್ಲ, ಹಳೇ ತೊಂದರೆಯೇ ಸ್ವಲ್ಪ ದಿನ ಜೋರಾಗೋದು. ನಾಲ್ಕು ಸಲ ಮೂತ್ರದ ಇನ್‌ಫೆಕ್ಷನ್ನೇ ಕಾರಣ, ಅದರಲ್ಲಿ ಒಂದ್ಸಲ ಇನ್‌ಫೆಕ್ಷನ್ ಇರೋವಾಗಲೇ ಪಲ್ಸ್ ಹಾಕಿಬಿಟ್ರು, ಅದರಿಂದ ಎದ್ದು ಬರೋಕೆ ಒಂದು ತಿಂಗಳು. ಉಳಿತಾಯ ಪೂರ್ತಿ ಖಾಲಿ.

ಆಗ ಶುರು ಮಾಡಿದ್ದು ಹೊಟ್ಟೆ ಮೇಲೆ ಗೆರೆ ಹಾಕೋದು. ಮರಗಟ್ಟಿರೋ ಜಾಗ ಎಲ್ಲಿ ಮುಗಿಯುತ್ತೋ ಅಲ್ಲಿಗೆ ಪೆನ್ನಲ್ಲಿ ಒಂದು ಗೆರೆ, ದಿನಾ. ನಂದು ಹೊಕ್ಕುಳದ ಮಟ್ಟ, ಅಂದ್ರೆ ಟಿ10 (ಬೆನ್ನುಹುರಿಯ ಎದೆಭಾಗದ ಹತ್ತನೇ ನರದ ಜಾಗ). ಮೊದಲು ಪಿನ್ನಲ್ಲಿ ಚುಚ್ಚಿ ನೋಡ್ತಿದ್ದೆ, ಅದು ದೊಡ್ಡ ತಪ್ಪು, ಗೀರು ಬಿದ್ದದ್ದೇ ಗೊತ್ತಾಗದೆ ತೊಡೆ ಕೀವು ಕಟ್ಕೊಂಡ್ತು. ಆಮೇಲೆ ತಣ್ಣೀರಲ್ಲಿ ಅದ್ದಿದ ಸ್ಟೀಲ್ ಚಮಚ, ತೊಡೆಯಿಂದ ಮೇಲಕ್ಕೆ, ತಣ್ಣಗೆ ಅನ್ಸೋ ಮೊದಲ ಜಾಗ. ಒಂದೇ ಚಮಚ ಮೈಬಿಸಿಗೆ ಬೆಚ್ಚಗಾಗಿ ಗೆರೆ ಸುಮ್ನೆ ಮೇಲೇರ್ತಿತ್ತು, ಅದಕ್ಕೆ ಎರಡು ಇಟ್ಕೊಂಡು ಬದಲಾಯಿಸ್ತಾ ಹೋದೆ. ಸಂಜೆ ನೋಡಿದ್ರೆ ದಿನಕ್ಕೊಂದು ತರ, ಬೆಳಿಗ್ಗೆ ಹಾಸಿಗೆಯಿಂದ ಏಳೋ ಮೊದಲೇ ಸರಿ. ನಾನೇ ಮಾಡ್ಕೊಂಡಾಗ ಮನಸ್ಸು ಮೋಸ ಮಾಡುತ್ತೆ, ಕಣ್ಣು ಮುಚ್ಚಿ ಮಲಗಿ ತಂಗಿ ಕೈಲಿ ಮಾಡಿಸ್ದೆ. ಪಕ್ಕದಲ್ಲೇ ಜ್ವರ ಎಷ್ಟು, ಡಿಪ್‌ಸ್ಟಿಕ್ (ಮೂತ್ರ ಟೆಸ್ಟ್ ಮಾಡೋ ಪಟ್ಟಿ) ಬಣ್ಣ ಏನು, ಎಲ್ಲಾ ಒಂದು ಪುಸ್ತಕದಲ್ಲಿ ಬರೀತಿದ್ದೆ.

ಗೆರೆ ಎರಡು ಬೆರಳು ಮೇಲೇರಿ ಮಾರನೇ ದಿನವೂ ಅಲ್ಲೇ ನಿಂತು, ಜ್ವರ ಇಲ್ದೆ, ಮೂತ್ರ ಕ್ಲೀನ್ ಇದ್ರೆ ಡಾಕ್ಟ್ರಿಗೆ ಫೋನು, ನನ್ನ ಲೆಕ್ಕ ಅಷ್ಟೇ. ಕಾಲಿನ ಬಲ ಹೋದ್ರೆ, ಮೂತ್ರ ಕಟ್ಟಿದ್ರೆ, ಕಣ್ಣು ಮಂಜಾದ್ರೆ ಗೆರೆ ಗಿರೆ ನೋಡ್ತಾ ಕೂರಬೇಡಿ, ಹೊರಡಿ. ನ್ಯೂರಾಲಜಿ ಡಾಕ್ಟ್ರು ಪುಸ್ತಕ ನೋಡಿ ಇಷ್ಟೆಲ್ಲ ತಲೆ ಕೆಡಿಸ್ಕೋಬೇಡಿ ಅಂದಿದ್ರು, ಫಿಸಿಯೋ ಅವರೂ ನಂಬಲಿಲ್ಲ.

ಅಟ್ಯಾಕ್ ಮರುಕಳಿಸದ ಹಾಗೆ ತಡೆಯೋ ರಿಟುಕ್ಸಿಮ್ಯಾಬ್ ಡೋಸ್ ತಡವಾಗಿದ್ದ ಸಮಯ ಅದು, ಒಂದು ಬೆಳಿಗ್ಗೆ ಗೆರೆ ಮೂರು ಬೆರಳು ಮೇಲಿತ್ತು. ಕಾಲು ಚೆನ್ನಾಗೇ ಇತ್ತು, ಜ್ವರ ಇಲ್ಲ, ಸ್ಟಿಕ್ ಕ್ಲೀನ್. ಮಾರನೇ ಬೆಳಿಗ್ಗೆ ಪಕ್ಕೆಲುಬಿನ ಹತ್ತಿರ. ಪುಸ್ತಕ ತಗೊಂಡು ಹೋಗಿ ಹಠ ಹಿಡಿದು ಎಂಆರ್‌ಐ ಮಾಡಿಸ್ದೆ, ಹೊಸ ಲೀಷನ್ (ಬೆನ್ನುಹುರಿಯ ಗಾಯ) ಸ್ಕ್ಯಾನ್ ಹೊತ್ತಲ್ಲಿ ಹಾಕೋ ಕಾಂಟ್ರಾಸ್ಟ್‌ಗೆ ಹೊಳೀತಿತ್ತು. ಆ ಸಂಜೆಯೇ ಪಲ್ಸ್, ಮಾರನೇ ದಿನದಿಂದ ಪ್ಲಾಸ್ಮಾ ಎಕ್ಸ್‌ಚೇಂಜ್, ಒಟ್ಟು ಐದು. ಕಾಲು ಒಂದಿನವೂ ಪೂರ್ತಿ ಹೋಗಲಿಲ್ಲ, ಮೂರು ವಾರಕ್ಕೆ ಮೆಟ್ಟಿಲು ಹತ್ತಿದೆ. ಅದೇ ಡಾಕ್ಟ್ರು ಈಗ ಹೋದಾಗಲೆಲ್ಲ ಮೊದಲು ಪುಸ್ತಕ ಕೇಳ್ತಾರೆ, ಹೆಮ್ಮೆ ಇದೆ ನಂಗೆ.

ಮೈ ಬಿಸಿಯಾದ್ರೂ ಹಳೇ ತೊಂದರೆ ಜೋರಾಗುತ್ತೆ ಅಂತ ನಡುವೆ ಕೂಲಿಂಗ್ ಜಾಕೆಟ್ ಒಂದು ಕೊಂಡು ದುಡ್ಡು ದಂಡ ಮಾಡ್ಕೊಂಡೆ, ವ್ಯಾಯಾಮಕ್ಕೆ ಮುಂಚೆ ಒದ್ದೆ ಟವಲ್ ಕುತ್ತಿಗೆಗೆ ಸುತ್ಕೊಂಡ್ರೂ ಅಷ್ಟೇ ಕೆಲಸ ಆಯ್ತು. ಕೈಕಾಲು ಸೆಟೆದುಕೊಳ್ಳೋ ಸ್ಪಾಸಮ್‌ಗೆ ಕಾರ್ಬಮಾಜೆಪಿನ್ ಕಡಿಮೆ ಡೋಸಲ್ಲೇ ನಿಲ್ತು, ಎಷ್ಟು ಅಂತ ಬರೆಯಲ್ಲ, ನಿಮ್ಮ ಡಾಕ್ಟ್ರನ್ನ ಕೇಳಿ. ರಾತ್ರಿ ಮೂತ್ರಕ್ಕೆ ಏಳದೆ ಮಲಗೋಕೂ ಒಂದು ಉಪಾಯ ಕಂಡ್ಕೊಂಡಿದೀನಿ, ಇನ್ನೊಂದಾರು ತಿಂಗಳು ನೋಡಿ ಹೇಳ್ತೀನಿ.

ಈಗ ಕಣ್ಣಿಗೂ ಶುರು ಮಾಡಿದೀನಿ, ಕೆಂಪು ಪೆನ್ನಿನ ಮುಚ್ಚಳ, ಒಂದೊಂದೇ ಕಣ್ಣು ಮುಚ್ಚಿ ನೋಡೋದು, ಕಣ್ಣಿನ ನರಕ್ಕೆ ಪೆಟ್ಟಾದ್ರೆ ಕೆಂಪು ಮಾಸಿದ ಹಾಗೆ ಕಾಣುತ್ತೆ. ಎಡಗಣ್ಣಿಗೆ ಆ ಕೆಂಪು ಯಾವಾಗಲೂ ಮಾಸಿದ ಇಟ್ಟಿಗೆ ತರ, ಬಲಗಣ್ಣಿಗೆ ಇವತ್ತಿಗೂ ಕೆಂಪಾಗೇ ಇದೆ.