ಕುಟುಂಬ ಸಮೀಕ್ಷೆಯ ಅಂಕಿಅಂಶ ಬಳಸುವ ಮುನ್ನ ಪರಿಶೀಲಿಸುವ ಬಗೆ

ಭಾರತದ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ವರದಿ ಕೈಗೆ ಬಂದಾಗ ಮೊದಲು ಓದಬೇಕಾದದ್ದು ಅದರ ಪ್ರಶ್ನಾವಳಿ. ಫಲಿತಾಂಶದ ಕೋಷ್ಟಕ ಆಮೇಲೆ. ಪ್ರತಿಯೊಂದು ವಸ್ತುವಿಗೂ ಎಷ್ಟು ದಿನಗಳ ಖರ್ಚನ್ನು ಕೇಳಿದ್ದಾರೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಕಳೆದ 30 ದಿನಗಳಲ್ಲಿ ಕೊಂಡ ಸೊಪ್ಪು, ತರಕಾರಿ, ಮೊಟ್ಟೆಯ ಲೆಕ್ಕ ಯಾರಿಗೂ ಪೂರ್ತಿ ನೆನಪಿರುವುದಿಲ್ಲ; 7 ದಿನಗಳದ್ದನ್ನು ಕೇಳಿದರೆ ಬಿಟ್ಟುಹೋಗುವುದು ಕಡಿಮೆಯಾದ್ದರಿಂದ, ಬದುಕಿನಲ್ಲಿ ಯಾವ ಬದಲಾವಣೆಯೂ ಆಗದೆ ವೆಚ್ಚ ಮಾತ್ರ ಏರಿದಂತೆ ಕಾಣುತ್ತದೆ. 1999-2000ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 55ನೆಯ ಸುತ್ತಿನಲ್ಲಿ ಆಹಾರದ ಬಗ್ಗೆ ಈ ಎರಡೂ ಅವಧಿಗಳ ಪ್ರಶ್ನೆಗಳನ್ನು ಒಂದೇ ಮನೆಯವರಿಗೆ ಕೇಳಲಾಯಿತು. ಒಂದು ಉತ್ತರ ಇನ್ನೊಂದರ ಮೇಲೆ ಪ್ರಭಾವ ಬೀರಿತೆಂಬ ಸಂಶಯ ಹುಟ್ಟಿ, ಬಡತನ ನಿಜಕ್ಕೂ ಎಷ್ಟು ಇಳಿಯಿತೆಂಬ ವಾದ ವರ್ಷಗಟ್ಟಲೆ ನಡೆಯಿತು.

ಎರಡು ವರ್ಷಗಳನ್ನು ಹೋಲಿಸುವಾಗ ಇದೇ ಎಚ್ಚರ ಇನ್ನೂ ಹೆಚ್ಚು ಬೇಕು. ಗ್ರಾಮೀಣ ಭಾರತದ ತಲಾ ಮಾಸಿಕ ವೆಚ್ಚ 2011-12ರಲ್ಲಿ 1,430 ರೂಪಾಯಿ ಇದ್ದದ್ದು 2022-23ರಲ್ಲಿ 3,773 ರೂಪಾಯಿ ಆಯಿತು. ಇದರಲ್ಲಿ ಬೆಲೆಯೇರಿಕೆಯ ಪಾಲನ್ನು ಕಳೆದ ಮೇಲೂ ಉಳಿದದ್ದೆಲ್ಲವನ್ನೂ ಏಳಿಗೆಯೆಂದು ಬರೆಯಬೇಡಿ. ಏಕೆಂದರೆ ಮೊದಲು ಒಂದೇ ಭೇಟಿಯಲ್ಲಿ ಮುಗಿಯುತ್ತಿದ್ದ ಸಮೀಕ್ಷೆಯನ್ನು ಈ ಬಾರಿ ಮೂರು ತಿಂಗಳಲ್ಲಿ ಮೂರು ಭೇಟಿಗಳಿಗೆ ಹಂಚಿ, ಆಹಾರ, ನಿತ್ಯಬಳಕೆಯ ವಸ್ತು ಹಾಗೂ ಸೇವೆ, ಬಾಳಿಕೆಯ ಸಾಮಾನು ಎಂದು ಪ್ರತ್ಯೇಕವಾಗಿ ಕೇಳಲಾಗಿದೆ. ಉಚಿತವಾಗಿ ದೊರೆತ ಪಡಿತರ ಧಾನ್ಯದಂಥವುಗಳಿಗೆ ಬೆಲೆ ಕಟ್ಟಿ ಸೇರಿಸಿದರೆ ಅದೇ ಅಂಕಿ 3,860 ಆಗುತ್ತದೆ. ನೀವು ಬಳಸುತ್ತಿರುವುದು ಯಾವುದೆಂದು ಸ್ಪಷ್ಟವಾಗಿ ಹೇಳಿ.

ಉತ್ತರ ಕೊಟ್ಟವರು ಯಾರೆಂಬುದು ನನ್ನ ದೃಷ್ಟಿಯಲ್ಲಿ ಅತಿ ಮುಖ್ಯ, ಆದರೂ ಓದುಗರು ಇದನ್ನು ಕೇಳುವುದೇ ಕಡಿಮೆ. ಅಡುಗೆಮನೆಯ ಖರ್ಚನ್ನು ಕರಾರುವಾಕ್ಕಾಗಿ ಹೇಳಬಲ್ಲ ಗೃಹಿಣಿಗೆ ಗಂಡ ಹೋಟೆಲಿನಲ್ಲಿ, ಬೀಡಿ ಅಂಗಡಿಯಲ್ಲಿ ಕೊಟ್ಟ ಹಣ ತಿಳಿದಿರಲಾರದು. ಸಿರಿವಂತರ ಮನೆಗಳಲ್ಲಿ ಗೇಟಿನೊಳಗೆ ಹೋಗುವುದೇ ಕಷ್ಟವಾದಾಗ, ಮೇಲ್ತುದಿಯ ವೆಚ್ಚ ಸಮೀಕ್ಷೆಯಲ್ಲಿ ಇದ್ದುದಕ್ಕಿಂತ ಕಡಿಮೆ ದಾಖಲಾಗುತ್ತದೆ.

ಕಚ್ಚಾ ದತ್ತಾಂಶ ಸಿಕ್ಕಿದ್ದರೆ ಪ್ರತಿ ಕುಟುಂಬಕ್ಕೆ ಕೊಟ್ಟಿರುವ ತೂಕವನ್ನು, ಅಂದರೆ ಅದು ಎಷ್ಟು ಕುಟುಂಬಗಳನ್ನು ಪ್ರತಿನಿಧಿಸುತ್ತದೆಂಬ ಸಂಖ್ಯೆಯನ್ನು, ಬಳಸಿಯೇ ಸರಾಸರಿ ತೆಗೆಯಿರಿ. ಬಳಿಕ ವಯಸ್ಕರ ವಯಸ್ಸಿನ ಕಾಲಂ ನೋಡಿ: 0 ಮತ್ತು 5ರಿಂದ ಕೊನೆಯಾಗುವ ವಯಸ್ಸುಗಳು ಸಹಜವಾಗಿ ಐದರಲ್ಲಿ ಒಂದು ಪಾಲಿನಷ್ಟಿರಬೇಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ವಯಸ್ಸನ್ನು ಅಂದಾಜಿನಲ್ಲಿ ಬರೆಯಲಾಗಿದೆ ಎಂದರ್ಥ. ಅಂಥ ದತ್ತಾಂಶದಲ್ಲಿ ಉಳಿದ ಕಾಲಂಗಳನ್ನೂ ಒಂದೊಂದಾಗಿ ಪರೀಕ್ಷಿಸಿಯೇ ಮುಂದುವರಿಯಿರಿ.